ಗಿರಣಿ ಖಾಲಿ ತಿರುಗಿದ ಮಧ್ಯಾಹ್ನ

ನಾನು ಒಂದು ರೂಪಾಯಿಯ ಫೋನು. ಹಳದಿ ಮೈ, ಹೊಟ್ಟೆಗೆ ಬೀಗ, ನೆತ್ತಿಯಲ್ಲಿ ನಾಣ್ಯ ನುಂಗುವ ಸೀಳು. ಕಾರ್ಖಾನೆಯಿಂದ ಹೊರಬಿದ್ದಾಗ ದೊಡ್ಡ ರೈಲ್ವೆ ಸ್ಟೇಷನ್ನಿನಲ್ಲಿ ಮೆರೆಯುತ್ತೇನೆಂದುಕೊಂಡಿದ್ದೆ. ಸಿಕ್ಕಿದ್ದು ಹರಿಹರದ ಒಂದು ಖಾನಾವಳಿ. ಅದು ಮುಚ್ಚಿದ ಮೇಲೆ ಹಾಲಮ್ಮನ ಹಿಟ್ಟಿನ ಗಿರಣಿಗೆ ಬಂದು ಬಿದ್ದೆ. ಮೊದಲ ದಿನವೇ ಮೈತುಂಬ ಜೋಳದ ಹಿಟ್ಟು. ನನಗೆ ಸಿಟ್ಟೋ ಸಿಟ್ಟು.

ಗಿರಣಿಯ ಸದ್ದಿನಲ್ಲಿ ಫೋನು ಕೇಳಿಸುವುದುಂಟೇ? ಅದಕ್ಕೇ ಯಾರಾದರೂ ರಿಸೀವರ್ ಎತ್ತಿದರೆ ಹಾಲಮ್ಮ ಮೋಟಾರು ಬಂದ್ ಮಾಡುತ್ತಿದ್ದಳು. ಸದ್ದು ನಿಂತೊಡನೆ ಡಬ್ಬಿ ಹಿಡಿದು ಪಾಳಿಯಲ್ಲಿ ಕೂತವರ ಕಿವಿ ನೆಟ್ಟಗಾಗುತ್ತಿತ್ತು. ಯಾರ ಮಗಳ ಸಂಬಂಧ ಮುರಿಯಿತು, ಯಾರ ಅತ್ತೆಗೆ ಮೂಲವ್ಯಾಧಿ, ಎಲ್ಲವೂ ಓಣಿಗೆ ಗೊತ್ತು. ಒಮ್ಮೆ ಒಬ್ಬ ಗಂಡ ಹೆಂಡತಿಯ ಬಳಿ ಮೆಲ್ಲಗೆ ಕ್ಷಮೆ ಕೇಳಿದಾಗ ಪಾಳಿಯಲ್ಲಿದ್ದ ಅಜ್ಜಿಯೊಬ್ಬಳು, "ಇನ್ನೊಂದ್ಸಲ ಕೇಳಪ್ಪ, ಆಕಿಗೆ ಕೇಳ್ಸಿರಲಿಕ್ಕಿಲ್ಲ" ಎಂದಳು. ನನಗೂ ಆ ಜಾಗ ಹಿಡಿಸಿಬಿಟ್ಟಿತು.

ಒಂದು ಮಧ್ಯಾಹ್ನ ಶಾಲೆಯ ಬಟ್ಟೆಯಲ್ಲೇ ಒಬ್ಬ ಹುಡುಗಿ ಗೋಧಿ ಡಬ್ಬಿ ಹೊತ್ತು ಬಂದಳು. ಭುವನಾ ಎನ್ನೋಣ, ನಿಜವಾದ ಹೆಸರು ನಾನು ಹೇಳುವುದಿಲ್ಲ. ಆ ಡಬ್ಬಿಯನ್ನೇ ಹತ್ತಿ ನಿಂತು ಒಂದು, ಸೊನ್ನೆ, ಒಂಬತ್ತು, ಎಂಟು ಒತ್ತಿದಳು. ಅದು ಅವಳ ಶಾಲೆಯ ಗೋಡೆಯ ಮೇಲೆ ಬರೆದಿದ್ದ ಮಕ್ಕಳ ಸಹಾಯವಾಣಿ. ಅದಕ್ಕೆ ನಾಣ್ಯ ಬೇಡ. ಪುಕ್ಕಟೆ ಗಿರಾಕಿ ಎಂದು ನಾನು ಮೂಗು ಮುರಿದೆ.

ಹಾಲಮ್ಮ ರೂಢಿಯಂತೆ ಮೋಟಾರು ನಿಲ್ಲಿಸಿದಳು. ಪಾಳಿಯೆಲ್ಲ ಇತ್ತ ತಿರುಗಿತು. ಅತ್ತ ಕಡೆಯಿಂದ ಒಬ್ಬ ಹೆಂಗಸು, "ಹೇಳು ಪುಟ್ಟಿ, ನೀನು ಹೇಳಿದ್ದು ಗುಟ್ಟಾಗೇ ಇರುತ್ತೆ" ಎಂದಳು. ಹುಡುಗಿ ಪಾಳಿಯನ್ನು ನೋಡಿ ಗೋಡೆಗೆ ಮುಖ ಮಾಡಿದಳು. ರಿಸೀವರ್ ಇಡಲು ಅವಳ ಕೈ ಕೆಳಗಿಳಿಯಿತು.

ಆಗ ಹಾಲಮ್ಮ ಮತ್ತೆ ಮೋಟಾರು ಹಾಕಿದಳು. ಗಿರಣಿಯ ಬಾಯಲ್ಲಿ ಒಂದು ಕಾಳೂ ಇರಲಿಲ್ಲ. ಖಾಲಿ ತಿರುಗಿಸಿದರೆ ಕಲ್ಲಿಗೆ ಕಲ್ಲು ಉಜ್ಜಿ ಹಾಳಾಗುತ್ತದೆಂದು ಕೆಲಸದವರನ್ನು ದಿನವೂ ಬೈಯುತ್ತಿದ್ದವಳು ಅವಳೇ.

"ಹಾಲಮ್ಮಾ, ಕಲ್ಲು ಹೋಗ್ತಾವ!" ಎಂದು ಪಾಳಿಯಿಂದ ಯಾರೋ ಕೂಗಿದರು.

"ಹೋಗ್ಲಿ ಬಿಡು, ನಂದೇ ಕಲ್ಲು."

ಆ ಗದ್ದಲದ ಮರೆಯಲ್ಲಿ ಹುಡುಗಿ ತನ್ನ ಹೆಸರು, ಮನೆಯ ಗುರುತು ಹೇಳಿ ಮಾತಾಡಿದಳು. ಮನೆ ಮಾಲೀಕರ ತಮ್ಮ ಮಹಡಿಗೆ ಕರೆಯುತ್ತಾನೆ, ಚಾಕಲೇಟು ಕೊಡುತ್ತಾನೆ, ಬೇಡವೆಂದರೂ ಮೈ ಮುಟ್ಟಲು ಬರುತ್ತಾನೆ, ಅಮ್ಮನಿಗೆ ಹೇಳಬೇಡ ಎನ್ನುತ್ತಾನೆ. ಹೇಳಿದರೂ ಅಮ್ಮ ನಂಬದಿದ್ದರೆ ಎಂಬುದೇ ಅವಳ ಭಯ. ಪುಕ್ಕಟೆ ಗಿರಾಕಿ ಎಂದದ್ದಕ್ಕೆ ನನಗೆ ನಾಚಿಕೆಯಾಯಿತು. ಆ ಸದ್ದಿನಲ್ಲೂ ಒಂದಕ್ಷರವೂ ಬಿದ್ದುಹೋಗದಂತೆ ಅವಳ ದನಿಯನ್ನು ಅತ್ತ, ಆ ಹೆಂಗಸಿನ ದನಿಯನ್ನು ಇತ್ತ ದಾಟಿಸಿದೆ.

"ನಿಂದೇನೂ ತಪ್ಪಿಲ್ಲ ಪುಟ್ಟಿ. ಮಹಡಿಗೆ ಹೋಗ್ಬೇಡ. ನಾವು ಇವತ್ತೇ ಬರ್ತೀವಿ. ಅಮ್ಮನ ಹತ್ರ ಮಾತಾಡೋವಾಗ ನಿನ್ನ ಪಕ್ಕದಲ್ಲೇ ಕೂತಿರ್ತೀವಿ."

ಹುಡುಗಿ ಹೋದ ಮೇಲೆ ಪಾಳಿಯವರು ಏನಂತೆ, ಏನಂತೆ ಎಂದರು. "ಮಿಷನ್ ಸಪ್ಪಳದಾಗ ನಂಗೇನ್ ಕೇಳ್ತೈತಿ" ಎಂದಳು ಹಾಲಮ್ಮ. ಸವೆದು ನುಣುಪಾದ ಕಲ್ಲಿಗೆ ಉಳಿಯಿಂದ ಮತ್ತೆ ಹಲ್ಲು ಹಾಕಿಸಲು ಮರುದಿನ ಗಿರಣಿ ಮುಚ್ಚಬೇಕಾಯಿತು.

ಕೆಲವು ದಿನಗಳ ಮೇಲೆ ಭುವನಾ ಅಮ್ಮನ ಕೈಹಿಡಿದು ಬಂದು ಅದೇ ನಂಬರು ಒತ್ತಿದಳು. ಅಮ್ಮ ಹಾಕಿದ ನಾಣ್ಯವನ್ನು ನಾನು ಮರ್ಯಾದೆಯಿಂದ ವಾಪಸು ಕೊಟ್ಟೆ. "ಅವನಿನ್ನು ನಿಮ್ಮ ಹತ್ರ ಬರಲ್ಲ, ಪೊಲೀಸರು ನೋಡ್ಕೋತಿದ್ದಾರೆ" ಎಂದಳು ಅತ್ತಲಾಕೆ. ಇತ್ತ ಹಾಲಮ್ಮ ಖಾಲಿ ಗಿರಣಿಯ ಸ್ವಿಚ್ಚಿಗೆ ಕೈ ಹಾಕಿದ್ದಳು.

"ಬ್ಯಾಡ ಹಾಲಮ್ಮಜ್ಜಿ" ಎಂದಳು ಭುವನಾ. ಆಮೇಲೆ ಗಿರಣಿಗೆಲ್ಲ ಕೇಳುವಂತೆ ನನ್ನೊಳಗೆ ಹೇಳಿದಳು, "ಆಂಟಿ, ನಮ್ಮಮ್ಮ ನನ್ನ ನಂಬಿದ್ಳು."

ಏನು, ಎತ್ತ ಎಂದು ಪಾಳಿಗೆ ತಿಳಿಯಲಿಲ್ಲ. ಆದರೂ ಹಿಂದೊಮ್ಮೆ ಆ ಗಂಡನಿಗೆ ಬುದ್ಧಿ ಹೇಳಿದ್ದ ಪಾಳಿಯ ಅಜ್ಜಿ, "ಏನೋ ಒಳ್ಳೇ ಸುದ್ದಿ ಐತವ್ವಾ" ಎಂದು ನಕ್ಕಳು.

ಈಗ ಎಲ್ಲರ ಕೈಯಲ್ಲೂ ಮೊಬೈಲು. ನನ್ನ ತಂತಿ ಕತ್ತರಿಸಿ ಬಹಳ ಕಾಲವಾಯಿತು. ಗುಜರಿಯವನು ಕೇಳಿದಾಗಲೆಲ್ಲ ಹಾಲಮ್ಮ ಕೊಡುವುದಿಲ್ಲ. ಗೂಡಿನಲ್ಲಿಟ್ಟು ಹಿಟ್ಟು ಒರೆಸುತ್ತಾಳೆ. ನನ್ನ ಹೊಟ್ಟೆಯಲ್ಲಿ ನಾಣ್ಯವಿಲ್ಲ, ಒಂದು ಹೆಸರಿದೆ. ಹಾಲಮ್ಮ ಇವತ್ತಿಗೂ ಅದನ್ನು ಕೇಳಿಲ್ಲ.