ಕಂಕುಳಿನ ಗಂಟು ಮತ್ತು ಕಾದ ಸೌಟು

ಗುದ್ದಿಸಿಕೊಂಡ ಕಾರಿನ ಬಾಗಿಲು ಕೊಟ್ಟರೆ ಸಾಕು, ತಗಡಣ್ಣ ಅದನ್ನು ತಟ್ಟಿ ತಟ್ಟಿ ಕನ್ನಡಿಯಂತೆ ಸಮ ಮಾಡುತ್ತಿದ್ದ. ಗ್ಯಾರೇಜಿನ ಬೀದಿಯಲ್ಲೆಲ್ಲ ಅವನ ಬಲಗೈಗೆ ಹೆಸರು. ಆ ಕೈಯ ಹೆಬ್ಬೆರಳನ್ನೇ ಒಂದು ದಿನ ತಗಡು ಸೀಳಿತು. ತೊಳೆದನೇ? ಇಲ್ಲ. ಗ್ರೀಸ್ ಮೆತ್ತಿ, ಚಿಂದಿ ಸುತ್ತಿ, ಮತ್ತೆ ಸುತ್ತಿಗೆ ಹಿಡಿದ.

ಬೆರಳು ಬಾತುಕೊಂಡಿತು. ಕಂಕುಳಲ್ಲಿ ಗೋಲಿಯಷ್ಟು ಗಂಟು ಎದ್ದಿತು. ಮುಟ್ಟಿದರೆ ಪ್ರಾಣ ಹೋಗುವಂಥ ನೋವು. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ: ಉಬ್ಬಿದ್ದನ್ನು ಕಾಯಿಸಿ, ಒತ್ತಿ, ಸಮ ಮಾಡುವುದು. ಒಲೆಯ ಮೇಲೆ ಸೌಟು ಕಾಯಲಿಟ್ಟ.

ಹೆಂಡತಿ ಓಡಿಹೋಗಿ ಪಕ್ಕದ ಬೀದಿಯಿಂದ ಅವನ ಅಕ್ಕನನ್ನು ಕರೆತಂದಳು. ಅಕ್ಕ ಆಸ್ಪತ್ರೆಯಲ್ಲಿ ನರ್ಸ್.

"ಸೌಟು ಕೆಳಗಿಡೋ! ನಿನ್ನ ಮೈಯೇನು ಕಾರಿನ ಬಾನೆಟ್ಟಾ?"

"ಗಂಟೇ ರೋಗ ಕಣಕ್ಕಾ. ಅದನ್ನ ಒತ್ತಿ ಕರಗಿಸಿದ್ರೆ ಮುಗೀತು."

"ನಿನ್ನ ತಲೆ! ಕಳ್ಳನ್ನ ಹಿಡಿದಿರೋ ಪೊಲೀಸಿಗೇ ಬರೆ ಹಾಕ್ತೀಯಲ್ಲೋ. ಅದು ದುಗ್ಧಗ್ರಂಥಿ."

"ಅದ್ಯಾವ ಹೆಸರಕ್ಕಾ, ಹಲ್ಲು ಉದುರುತ್ತೆ."

"ಉದುರಲಿ, ಕೇಳು. ರಕ್ತನಾಳದಿಂದ ಸೋರಿದ ನೀರಿನಂಥ ರಸ ಸಣ್ಣ ಸಣ್ಣ ನಾಳಗಳಲ್ಲಿ ಹರಿದು ವಾಪಸ್ ರಕ್ತಕ್ಕೆ ಸೇರುತ್ತೆ. ಆ ರಸಕ್ಕೆ ದುಗ್ಧರಸ ಅಂತಾರೆ, ನಾಳಕ್ಕೆ ದುಗ್ಧನಾಳ. ದಾರಿ ಮಧ್ಯೆ, ಕತ್ತು, ಕಂಕುಳು, ತೊಡೆಸಂದೀಲಿ ಈ ಗ್ರಂಥಿಗಳು ಜರಡಿ ಹಿಡಿದು ಕೂತಿರ್ತವೆ. ಒಳಗೆ ಬಿಳಿ ರಕ್ತಕಣಗಳ ಪಡೆ. ನಿನ್ನ ಬೆರಳಿಂದ ಹೊಕ್ಕ ರೋಗಾಣುಗಳನ್ನ ಅಲ್ಲಿ ಬಡೀತಾ ಇವೆ. ಅದಕ್ಕೇ ಊದಿದೆ. ರೋಗನಿರೋಧಕ ಶಕ್ತಿ ಅಂದ್ರೆ ಇದೇ."

"ಹಾಗಾದ್ರೆ ಅವೇ ಬಡಿದು ಮುಗಿಸ್ತವೆ ಬಿಡು. ಡಾಕ್ಟರ್ ಯಾಕೆ?"

ಅಕ್ಕ ಅವನ ತೋಳು ಸರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಗೆರೆ.

"ಇದನ್ನ ನೋಡಿದ್ಯಾ? ರೋಗಾಣು ದುಗ್ಧನಾಳ ಹಿಡಿದು ಮೇಲಕ್ಕೆ ಹತ್ತಿದೆ. ಪಡೆ ಸೋಲ್ತಿದೆ ಕಣೋ. ರಕ್ತಕ್ಕೆ ಇಳಿದ್ರೆ ಬರೀ ಕೈಯಲ್ಲ, ಜೀವಾನೇ ಹೋಗುತ್ತೆ!"

ಹೆಂಡತಿ ಒಲೆ ಆರಿಸಿದಳು. "ರೀ, ಚಪ್ಪಲಿ ಹಾಕ್ಕೊಳ್ತೀರೋ, ಬರಿಗಾಲಲ್ಲೇ ಎಳ್ಕೊಂಡು ಹೋಗ್ಲೋ?"

ಡಾಕ್ಟರು ಗಾಯ ತೊಳೆದು, ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿ, ಮಾತ್ರೆ ಕೊಟ್ಟರು. ಕೆಂಪು ಗೆರೆ ಮಾಸಿತು. ನೋವು ಇಳಿದದ್ದೇ ತಡ, ತಗಡಣ್ಣ ಮಾತ್ರೆ ಬಿಡಲು ನೋಡಿದ. "ಮಾತ್ರೆ ಪೂರ್ತಿ ಮುಗಿಯೋವರೆಗೂ ಸುತ್ತಿಗೆ ನನ್ನ ಹತ್ರಾನೇ ಇರುತ್ತೆ," ಎಂದಳು ಹೆಂಡತಿ. ಗಂಟು ಯಾರೂ ಒತ್ತದೆ ತಾನೇ ಇಳಿಯಿತು. ಈಗ ಗ್ಯಾರೇಜಿನಲ್ಲಿ ಯಾರಿಗೆ ತಗಡು ತಾಗಿದರೂ ಅವರನ್ನು ನಲ್ಲಿಗೆ ದಬ್ಬಿಕೊಂಡು ಹೋಗುವವನು ಅವನೇ.

ನೀವೂ ಕೇಳಿ. ಗಾಯವಾದರೆ ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಗಂಟು ಕಂಡರೆ ಹಿಸುಕಬೇಡಿ, ಚುಚ್ಚಬೇಡಿ, ಸುಡಬೇಡಿ. ಕೆಂಪು ಗೆರೆಯೋ ಜ್ವರವೋ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ನಾಳೆ ಎನ್ನಬೇಡಿ. ನೋವೇ ಇಲ್ಲದ ಗಟ್ಟಿ ಗಂಟು ಎರಡು ವಾರವಾದರೂ ಇಳಿಯದಿದ್ದರೆ ಅದನ್ನೂ ತೋರಿಸಿ. ನಿಮ್ಮ ಮೈ ನಿಮಗಾಗಿ ಹಗಲಿರುಳು ಹೊಡೆದಾಡುತ್ತಿದೆ. ಅದರ ಕಡೆ ನಿಲ್ಲಿ.