ತಪ್ಪು ಹೇಳಿದರೆ ಮತ್ತೆ ಅದೇ ಚಹಾ

ಅಣ್ಣನಿಗೂ ನನಗೂ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಅಮ್ಮ ಹೋದ ಸುದ್ದಿಯನ್ನು ಅವನು ನನಗೆ ಮುಟ್ಟಿಸಿದ್ದು ಮಾರನೆಯ ದಿನ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ಕೊನೆಯ ಸಲ ಮುಖ ನೋಡುವುದಕ್ಕೂ ಆಗಲಿಲ್ಲ. "ನಿಂಗೆ ಪರೀಕ್ಷೆ ಇತ್ತಲ್ಲ, ಕೆಡಿಸೋದು ಬೇಡ ಅಂತ..." ಅಂದ. ಪರೀಕ್ಷೆ ಪಾಸಾದೆ. ಅವನನ್ನು ಮಾತ್ರ ಕ್ಷಮಿಸಲಿಲ್ಲ.

ಆರು ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಪುಟ್ಟ ಪೊಟ್ಟಣ ಬಂತು. ಒಳಗೆ ಒಂದು ಹಿಡಿ ಚೀನಾ ಚಹಾದ ಎಲೆ. ಕಾಗದವಿಲ್ಲ, ಹೆಸರಿಲ್ಲ. ನನಗೆ ಅರ್ಥವಾಯಿತು. ಅಣ್ಣ ಚಹಾ ಉಗ್ರಾಣವೊಂದರಲ್ಲಿ ರುಚಿ ನೋಡುವ ಕೆಲಸದಲ್ಲಿದ್ದವನು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಜೇಬಿನಲ್ಲಿ ಬಗೆಬಗೆಯ ಎಲೆ ತಂದು ಚಹಾ ಮಾಡಿ, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಕುಡಿಸುತ್ತಿದ್ದ. ಸರಿಯಾದ ಹೆಸರು ಹೇಳಿದರೆ ಮರುದಿನ ಹೊಸ ಚಹಾ, ತಪ್ಪು ಹೇಳಿದರೆ ಮತ್ತೆ ಅದೇ. ಇದು ಆಟದ ನಿಯಮ.

ಸರಿ, ಕುಡಿದು ನೋಡಿ, ಒಂದು ಕಾರ್ಡಿನ ಮೇಲೆ ಚಹಾದ ಹೆಸರು ಬರೆದು ಅಂಚೆಗೆ ಹಾಕಿದೆ. ಹೆಸರಷ್ಟೇ. ಹೇಗಿದ್ದೀಯ ಎಂದು ಕೇಳಲು ನನಗೇನು ತಲೆ ಕೆಟ್ಟಿತ್ತೇ? ಮರುತಿಂಗಳು ಬೇರೆ ಚಹಾ ಬಂತು. ಹೀಗೇ ನೂರರ ಆಸುಪಾಸು ಪೊಟ್ಟಣ ಬಂದವು. ನಾನು ಒಂದು ಸಲವೂ ತಪ್ಪಲಿಲ್ಲ. ಜಂಬವಿದ್ದರೆ ಅದು ನ್ಯಾಯವಾದ ಜಂಬ.

ನನ್ನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ದಿನವಿಡೀ ಮೇಣ, ಪ್ಲಾಸ್ಟರು, ಕಂಡವರ ಬಾಯಿಯ ಅಚ್ಚು. ಅಷ್ಟು ಬಾಯಿಗಳ ನಡುವೆ ಕೂತರೂ ಮಾತಾಡುವುದು ಒಂದೂ ಇಲ್ಲ. ಮನೆಗೆ ಬಂದರೂ ಅಷ್ಟೇ. ಹಾಗಾಗಿ ಪೊಟ್ಟಣ ಬಂದ ವಾರದ ಶನಿವಾರ ಯಾರೋ ನೆಂಟರು ಬರುವವರಂತೆ ಮೇಜು ಒರೆಸುತ್ತಿದ್ದೆ. ಹಸಿರು ಚಹಾ ಆದರೆ ಕುದಿದ ನೀರನ್ನು ಕೊಂಚ ಆರಿಸಿ ಹಾಕಬೇಕು, ಇಲ್ಲವಾದರೆ ಕಹಿ. ಊಲಾಂಗ್ ಚಹಾದ ಎಲೆಯುಂಡೆಗಳು ಮೂರನೆಯ ನೀರಿಗೆ ಪೂರ್ತಿ ಬಿಚ್ಚಿಕೊಳ್ಳುತ್ತವೆ. ಬಿಲ್ಲೆಯಾಗಿ ಬರುವ ಪು-ಎರ್ ಚಹಾದ ಮೊದಲ ನೀರನ್ನು ಚೆಲ್ಲಬೇಕು. ಒಂದೇ ಎಲೆಗೆ ಐದಾರು ಸಲ ನೀರು ಹಾಕಿ ಕುಡಿಯುವಷ್ಟರಲ್ಲಿ ಸಂಜೆ ಕಳೆಯುತ್ತಿತ್ತು. ತಿಂಗಳಲ್ಲಿ ಅದೊಂದು ಸಂಜೆ ನಾನು ಒಂಟಿ ಅನ್ನಿಸುತ್ತಿರಲಿಲ್ಲ.

ಈ ವರ್ಷದ ಮೊದಲ ಪೊಟ್ಟಣದಲ್ಲಿ ಲ್ಯಾಪ್ಸಾಂಗ್ ಬಂತು. ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುವ ಚಹಾ, ನೆಗಡಿಯಾದ ಮೂಗಿಗೂ ಗೊತ್ತಾಗುತ್ತದೆ. ಬರೆದು ಹಾಕಿದೆ. ಮರುತಿಂಗಳು ಮತ್ತೆ ಅದೇ ಬಂತು. ಅಂದರೆ ನನ್ನ ಉತ್ತರ ತಪ್ಪಂತೆ! ಈ ಸಲ ದಪ್ಪ ಅಕ್ಷರದಲ್ಲಿ ಬರೆದೆ. ಮೂರನೆಯ ತಿಂಗಳೂ ಅದೇ. ಮೈಯೆಲ್ಲ ಉರಿಯಿತು. ಬೇಕೆಂದೇ ಕೆಣಕುತ್ತಿದ್ದಾನೆ ಎಂದುಕೊಂಡು ಕಾರ್ಡು ಹಾಕುವುದನ್ನೇ ಬಿಟ್ಟೆ. ಉತ್ತರವಿಲ್ಲದೆಯೂ ಇನ್ನೆರಡು ಬಂದವು, ಎರಡೂ ಹೊಗೆ ಚಹಾವೇ. ಐದನ್ನೂ ಚೀಲಕ್ಕೆ ತುರುಕಿಕೊಂಡು, ಮುಖಕ್ಕೇ ಎಸೆದು ಬರೋಣವೆಂದು ರೈಲು ಹತ್ತಿದೆ.

ಬಾಗಿಲು ತೆರೆದವನ ಅಂಗಿಯ ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿದ್ದವು.

"ಬಂದ್ಯಾ ಇಲಿಮರಿ?" ಎಂದ. ಕಂಡದ್ದನ್ನೆಲ್ಲ ಮೂಸುತ್ತಿದ್ದೆನೆಂದು ಚಿಕ್ಕಂದಿನಲ್ಲಿ ಅವನಿಟ್ಟ ಹೆಸರು. "ಒಬ್ಳೇ ಬಂದ್ಯಾ? ಅಮ್ಮ ಎಲ್ಲಿ?"

ಎಸೆಯಲೆಂದು ತಂದ ಚೀಲವನ್ನು ಹೊಸ್ತಿಲಲ್ಲೇ ಇಳಿಸಿದೆ. ಒಳಗೆ ಮೇಜಿನ ಮೇಲೆ ಹನ್ನೊಂದು ಪೊಟ್ಟಣ, ಎಲ್ಲದರ ಮೇಲೂ ನನ್ನ ವಿಳಾಸ, ಎಲ್ಲದರಲ್ಲೂ ಹೊಗೆಯ ವಾಸನೆ. ಗೋಡೆಯ ಮೇಲೆ ನನ್ನ ಕಾರ್ಡುಗಳನ್ನು ಸಾಲಾಗಿ ಅಂಟಿಸಿದ್ದ. ಕೊನೆಯ ಎರಡರಲ್ಲೂ ಒಂದೇ ಹೆಸರು. ಅವನು ಕೆಣಕಿರಲಿಲ್ಲ, ಪ್ರತಿಸಲವೂ ಮೊದಲ ಸಲವೆಂದೇ ಕಳಿಸಿದ್ದ.

ಒಂಬತ್ತು ವರ್ಷ ಜೋಪಾನ ಮಾಡಿದ ಸಿಟ್ಟನ್ನು ಇನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಅಮ್ಮ ಸತ್ತದ್ದು ಈಗ ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು.

"ಅಮ್ಮ ಆಮೇಲೆ ಬರ್ತಾಳೆ ಅಣ್ಣ," ಎಂದೆ.

"ಸರಿ, ಕೂತ್ಕೋ. ಇದೊಂದನ್ನ ನಿಂಗಿನ್ನೂ ಕಳಿಸೇ ಇಲ್ಲ. ಈ ಸಲ ಸೋಲ್ತೀಯ ನೋಡು."

ಅವನ ಕೈಗಳು ಏನನ್ನೂ ಮರೆತಿರಲಿಲ್ಲ. ಮುಚ್ಚಳದ ಬಟ್ಟಲನ್ನು ಬಿಸಿನೀರಲ್ಲಿ ತೊಳೆದ, ಅಳತೆಯಿಲ್ಲದೆ ಸರಿಯಾದ ಅಳತೆಗೆ ಎಲೆ ಹಾಕಿದ, ಬಾಯಲ್ಲೇ ಎಣಿಸುತ್ತ ಕಾದ, ಒಂದು ಹನಿಯೂ ಚೆಲ್ಲದೆ ಎರಡು ಲೋಟಕ್ಕೆ ಬಗ್ಗಿಸಿದ. ಕೋಣೆಯೆಲ್ಲ ಕಟ್ಟಿಗೆ ಹೊಗೆಯ ವಾಸನೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ. ನಾನು ಎರಡು ಗುಟುಕು ಕುಡಿದೆ, ಹಣೆ ಉಜ್ಜಿಕೊಂಡೆ.

"ಮಲ್ಲಿಗೆ ಚಹಾ," ಎಂದೆ.

"ಮಲ್ಲಿಗೆನಾ!" ಅವನು ಮೇಜು ಬಡಿದು ಬಡಿದು ನಕ್ಕ. "ತಪ್ಪು! ಮೂಗನ್ನ ಎಲ್ಲಿ ಬಿಟ್ಬಂದೆ? ನಿಯಮ ಗೊತ್ತಲ್ಲ, ಮುಂದಿನ ಸಲಾನೂ ಇದೇ."

"ಅಂಚೆ ಬೇಡ ಅಣ್ಣ. ಮುಂದಿನ ಶನಿವಾರ ನಾನೇ ಬರ್ತೀನಿ. ಆವಾಗ್ಲೂ ತಪ್ಪು ಹೇಳಿದ್ರೆ?"

"ಆವಾಗ್ಲೂ ಇದೇ."

ನಾನು ಖಾಲಿ ಲೋಟವನ್ನು ಅವನ ಮುಂದೆ ಹಿಡಿದೆ.