ಉಜ್ಜಿನಪ್ಪನ ರಕ್ತ ಹೇಳಿದ್ದು

ನಮ್ಮ ಓಣಿಯಲ್ಲಿ ಯಾರಿಗೆ ಸರ್ಪಸುತ್ತು ಎದ್ದರೂ ಕೆಮ್ಮಣ್ಣು ಬಳಿಯಲು ಕರೆಯುವುದು ಎರ್ರೆಮ್ಮನನ್ನೇ, ಅಂದರೆ ನನ್ನನ್ನೇ. ಅವತ್ತು ಕರೆದವರು ಪಕ್ಕದ ಮನೆಯ ಪಕ್ಕೀರಮ್ಮ. ಅವರ ಮಗ ಉಜ್ಜಿನಪ್ಪ ಕೊಟ್ಟೂರಿನ ಸುತ್ತ ಸೈಕಲ್ ಮೇಲೆ ಹಳೇ ಕಬ್ಬಿಣ ಕೊಳ್ಳುವವನು. ಮೂರು ದಿನದಿಂದ ವಾಂತಿ, ಸುಸ್ತು. ಸೊಂಟದ ಬಲಗಡೆ ಕೆಂಪಗೆ ಬೊಬ್ಬೆ ಎದ್ದಿತ್ತು. ನಾನು ಅದರ ಸುತ್ತ ಕೆಮ್ಮಣ್ಣಿನಲ್ಲಿ ಹಾವಿನ ಹೆಡೆ ಬರೆಯತೊಡಗಿದೆ. ಬೊಬ್ಬೆಯ ಮೇಲೇ ಉಡಿದಾರಕ್ಕೆ ಕಟ್ಟಿದ ಒಂದು ಹೊಳೆಯುವ ತುಣುಕು ತೂಗುತ್ತಿತ್ತು.

"ಮೂರು ದಿನದ ಹಿಂದ ಗುಜರಿಯಾಗ ಸಿಕ್ತು, ಎರ್ರೆಮ್ಮಕ್ಕ. ಅಯಸ್ಕಾಂತಕ್ಕ ಅಂಟಲಿಲ್ಲ. ಬೆಳ್ಳಿನ ಇರಬೇಕು," ಎಂದ. ನಾನೂ ಮುಟ್ಟಿ ನೋಡಿದೆ! ಈಗ ನೆನೆದರೆ ಮೈ ಜುಂ ಎನ್ನುತ್ತದೆ.

ಅಷ್ಟರಲ್ಲಿ ಲಸಿಕೆ ಹಾಕಲು ಬಂದ ನರ್ಸ್ ಸುಮಲತಾ ಬಾಗಿಲಲ್ಲೇ ಚೀರಿದರು.

"ಮುಟ್ಟಬ್ಯಾಡ್ರಿ! ಬೆಳ್ಳಗಿರೋದೆಲ್ಲ ಹಾಲಲ್ಲ. ಇದು ಸರ್ಪಸುತ್ತಲ್ಲ. ಆ ತುಣುಕು ತಾಗೋ ಜಾಗದಾಗಷ್ಟ ಸುಟ್ಟೈತಿ ನೋಡ್ರಿ. ಬೆಂಕಿ ಇಲ್ದ ಸುಡೋ ವಿಕಿರಣ ಇರಬೇಕು. ಟ್ರೇನಿಂಗಿನ್ಯಾಗ ಇಂಥಾದ್ದ ಫೋಟೊ ತೋರಿಸಿದ್ರು."

ಉಡಿದಾರ ಕತ್ತರಿಸಿ ತುಣುಕನ್ನು ಅಲ್ಲೇ ಬೀಳಿಸಿದರು. ನಮ್ಮನ್ನೆಲ್ಲ ಹೊರಗೆ ದಬ್ಬಿ, ಓಣಿ ಖಾಲಿ ಮಾಡಿಸಿ, ಪೊಲೀಸರಿಗೆ ಹೇಳಿ ಕಳಿಸಿದರು. ಅಳೆಯುವ ಯಂತ್ರ ತಂದವರು ಅದು ವಿಕಿರಣವೇ ಎಂದು ಹೇಳಿ, ತುಣುಕನ್ನು ಸೀಸದ ಡಬ್ಬಿಯಲ್ಲಿಟ್ಟು ಒಯ್ದರು.

ದೊಡ್ಡ ಆಸ್ಪತ್ರೆಯಲ್ಲಿ ಉಜ್ಜಿನಪ್ಪನ ರಕ್ತ ಬೆಳಿಗ್ಗೆ ತೆಗೆದರು, ಮಧ್ಯಾಹ್ನ ತೆಗೆದರು. ಸಂಜೆ ಮತ್ತೆ ಸೂಜಿ ಕಂಡಾಗ ಪಕ್ಕೀರಮ್ಮ ಅಡ್ಡ ನಿಂತರು.

"ವಾಂತಿ ಮಾಡಿ ಮಾಡಿ ಬತ್ತಿ ಹೋಗ್ಯಾನ. ಇರೋ ರಕ್ತಾನೂ ಹೀರ್ತೀರೇನು?"

ನಮ್ಮ ಜೊತೆಗೇ ಬಂದಿದ್ದ ಸುಮಲತಾ ಪಕ್ಕೀರಮ್ಮನ ಕೈ ಹಿಡಿದುಕೊಂಡರು. "ಯಮ್ಮಾ, ಎಷ್ಟು ವಿಕಿರಣ ಬಡಿದೈತಿ ಅಂತ ಅಳಿಯಾಕ ಇವನ ಹತ್ರ ಯಾವ ಮೀಟರ್ ಇತ್ತು? ರಕ್ತನ ಹೇಳಬೇಕು. ರೋಗದ ಕೂಡ ಬಡಿದಾಡೋ ಬಿಳಿ ಕಣ ಅದಾವಲ್ಲ, ಅವು ಮೊದಲು ಸಾಯ್ತಾವ. ಎಷ್ಟು ಬೇಗ ಕಡಿಮಿ ಆಗ್ತಾವೋ ಅಷ್ಟು ಜಾಸ್ತಿ ಬಡಿದೈತಿ. ಒಂದ ಸಲ ನೋಡಿದ್ರ ಇಳಿಯಾಕತ್ತಾವ ಅಂತ ಹೆಂಗ ತಿಳೀತೈತಿ? ಇನ್ನೊಂದು ಸೀಸೆ ದೂರದ ಲ್ಯಾಬಿಗೆ ಹೋಗೈತಿ. ಕಣದೊಳಗಿನ ವರ್ಣತಂತು ಅನ್ನೋ ಎಳಿ ಎಷ್ಟು ಮುರಿದು ತಪ್ಪಾಗಿ ಕೂಡ್ಯಾವು ಅಂತ ಎಣಿಸಿ, ವಿಕಿರಣ ಎಷ್ಟಂತ ಅಂದಾಜು ಹೇಳ್ತಾರ."

ಸಂಜೆಗೆ ಕಣಗಳು ಇನ್ನೂ ಇಳಿದಿದ್ದವು. ಡಾಕ್ಟರ್ ಕೇಳಿದರು: "ಈ ಮೂರು ದಿನ ಇವರ ಮಗ್ಗುಲಲ್ಲಿ ಯಾರು ಮಲಗಿದ್ದರು?"

ಪಕ್ಕೀರಮ್ಮನ ಎರಡು ವರ್ಷದ ಮೊಮ್ಮಗಳು ದುರ್ಗಾ! ಅಪ್ಪನ ಸೊಂಟ ತಬ್ಬಿಕೊಳ್ಳದೆ ಆ ಕೂಸು ಮಲಗುತ್ತಲೇ ಇರಲಿಲ್ಲ. ಅದರ ನೆನಪು ನಮಗ್ಯಾರಿಗೂ ಬಂದಿರಲಿಲ್ಲ.

"ಹೊರಗ ಮಂಡಕ್ಕಿ ತಿನಕೋತ ಆಡಾಕತ್ತಾಳಲ್ರಿ. ಆಕಿಗೇನಾಗೈತಿ?" ಎಂದರು ಪಕ್ಕೀರಮ್ಮ.

"ವಿಕಿರಣ ಬಡಿದವ್ರು ಕೆಲವು ಸಲ ನೋಡಾಕ ಆರಾಮನ ಕಾಣ್ತಾರ, ಯಮ್ಮಾ. ಒಳಗಿಂದು ರಕ್ತನ ಹೇಳಬೇಕು," ಎಂದರು ಸುಮಲತಾ.

ಸೂಜಿಗೆ ಅಡ್ಡ ನಿಂತಿದ್ದ ಪಕ್ಕೀರಮ್ಮನೇ ಹೋಗಿ ಆಸ್ಪತ್ರೆಯ ಅಂಗಳದಲ್ಲಿದ್ದ ಕೂಸನ್ನು ಎತ್ತಿ ತಂದರು. ಅದು ಕಿರುಚಿದರೂ ತೋಳು ಬಿಡಲಿಲ್ಲ. "ತಗೀರಿ. ಎಷ್ಟು ಬೇಕೋ ತಗೀರಿ," ಎಂದು ಅತ್ತರು.

ಮತ್ತೆ ಮತ್ತೆ ತೆಗೆದು ನೋಡಿದಾಗ ಕೂಸಿನ ಕಣಗಳೂ ಇಳಿದಿದ್ದವು. ಆಡಿಕೊಂಡಿದ್ದಾಳೆಂದು ಪರೀಕ್ಷಿಸದೆ ಬಿಟ್ಟಿದ್ದರೆ ಜೀವ ತೆಗೆಯಲು ಒಂದು ಸಣ್ಣ ಜ್ವರವೇ ಸಾಕಿತ್ತಂತೆ. ಬೇಗ ತಿಳಿದದ್ದರಿಂದ ಸೋಂಕು ತಗಲದ ಕೋಣೆಯಲ್ಲಿಟ್ಟು ಉಳಿಸಿದರು. ಉಜ್ಜಿನಪ್ಪನೂ ಬದುಕಿದ. ಆದರೆ ಸೊಂಟದ ಮಾಂಸ ಕೊರೆದು ತೆಗೆಯಬೇಕಾಯಿತು, ಇನ್ನು ಅವನು ಸೈಕಲ್ ಹತ್ತುವಂತಿಲ್ಲ. ನನ್ನ ರಕ್ತ ಸರಿಯಿತ್ತು, ನನ್ನ ಪುಣ್ಯ.

ಓದುವ ಅಕ್ಕ ಅಣ್ಣಂದಿರೇ, ಗುರುತಿಲ್ಲದ ಲೋಹ ಸಿಕ್ಕರೆ ಎತ್ತಬೇಡಿ, ಮನೆಗೆ ತರಬೇಡಿ. ದೂರ ಸರಿದು ಪೊಲೀಸರಿಗೆ, ಆಸ್ಪತ್ರೆಗೆ ತಿಳಿಸಿ. ಡಾಕ್ಟರ್ ಮತ್ತೆ ಮತ್ತೆ ರಕ್ತ ಕೇಳಿದರೆ ಕೈ ಹಿಂದೆಳೆಯಬೇಡಿ. ಹತ್ತಿರ ಇದ್ದವರೆಲ್ಲರ ಹೆಸರನ್ನೂ ಹೇಳಿ. ನಗುತ್ತಾ ಆಡುತ್ತಿರುವ ಮಗುವಿನ ಹೆಸರನ್ನು ಮೊದಲು ಹೇಳಿ.